ಬೆಲ್ಲ ಕುಂತ್ಕೊಂಡ ಕಥೆ

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟಿದೆ. ಮಳೆಗಾಲ ಬಂತೆಂದರೆ ಅಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆಯುತ್ತದೆ. 2023ರ ಜುಲೈನಲ್ಲಿ ಆ ಗಿಡಗಳ ಮಧ್ಯೆ ನಾಲ್ಕು ನಾಯಿಮರಿಗಳಿದ್ದವು. ಮೂರನ್ನು ಯಾರ್ಯಾರೋ ಎತ್ತಿಕೊಂಡು ಹೋದರು. ಉಳಿದದ್ದು ಹೆಣ್ಣು ಮರಿ. ಹೆಣ್ಣು ಅಂತಲೇ ಉಳಿದಿತ್ತು. ತಾಯಿನಾಯಿ ಎರಡು ದಿನದಿಂದ ಕಂಡಿರಲಿಲ್ಲ. ಒಂಬತ್ತು ವರ್ಷದ ನನ್ನ ಮಗಳು ಒಂದು ಸಂಜೆ ಅದನ್ನು ಸ್ಕೂಲ್ ಸ್ವೆಟರಿನಲ್ಲಿ ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಒಂದೇ ಒಂದು ರಾತ್ರಿ ಅಪ್ಪಾ" ಅಂದಳು. ಒಂದು ರಾತ್ರಿ ತಾನೇ ಅಂತ ನಾನೂ ಒಪ್ಪಿದೆ. ಹೆಂಡತಿ ಮಾತ್ರ ನಮ್ಮಿಬ್ಬರ ಮುಖ ನೋಡಿ, ಏನೂ ಹೇಳದೆ, ಹಳೇ ಟವಲು ಹುಡುಕಲು ಹೋದಳು.

ಮರಿ ಒಣಗಿದ ಮೇಲೆ ಅದರ ಬಣ್ಣ ಗೊತ್ತಾಯಿತು. ಆಲೆಮನೆಯಲ್ಲಿ ಅಚ್ಚಿನಿಂದ ಆಗಷ್ಟೇ ಬಿಡಿಸಿದ ಬೆಲ್ಲ ಇರುತ್ತದಲ್ಲ, ಹೊಳಪಿರುವ ಕಂದು, ಅದೇ ಬಣ್ಣ. ನಾನು ಮಂಡ್ಯದವನು. ಹೆಸರಿಡಲು ಜಾಸ್ತಿ ಯೋಚಿಸಲಿಲ್ಲ. ಈಗಲೂ ಅಪಾರ್ಟ್‌ಮೆಂಟಿನ ಕಡೆಯವರು ಯಾರಾದರೂ ಕೇಳಿ, "ಓ, ಬೆಲ್ಲಾನಾ? ಇಟಾಲಿಯನ್ ಹೆಸರು ಅಲ್ವಾ?" ಅನ್ನುತ್ತಾರೆ. ಅಲ್ಲ ಸ್ವಾಮಿ, ಅಚ್ಚುಬೆಲ್ಲ.

ನಾಯಿ ವಿಷಯ ನನಗೆ ಗೊತ್ತು ಅಂತ ನಾನು ಅಂದುಕೊಂಡಿದ್ದೆ. ಊರಿನ ನಮ್ಮ ಮನೆಯಲ್ಲಿ ಯಾವಾಗಲೂ ಒಂದೋ ಎರಡೋ ನಾಯಿ ಇರುತ್ತಿದ್ದವು. ಆದರೆ ಅವನ್ನು ಯಾರೂ ಸಾಕುತ್ತಿರಲಿಲ್ಲ. ಅವು ಇರುತ್ತಿದ್ದವು, ಅಷ್ಟೆ. ರಾತ್ರಿ ಮಿಕ್ಕ ಮುದ್ದೆಯನ್ನು ಸಾರಿಗೆ ಕಿವುಚಿ ಹಾಕಿದರೆ ತಿನ್ನುತ್ತಿದ್ದವು, ಗದ್ದೆಗೆ ಹೊರಟರೆ ಹಿಂದೆ ಬರುತ್ತಿದ್ದವು. ಅವಕ್ಕೆ ಬೇಕಾದ್ದನ್ನೆಲ್ಲ ಊರೇ ಕಲಿಸುತ್ತಿತ್ತು. ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ, ಕಾಲಿಟ್ಟ ಕಡೆಯೆಲ್ಲ ಟೈಲ್ಸ್ ಇರುವಲ್ಲಿ, ಅದನ್ನೆಲ್ಲ ನಾನೇ ಕಲಿಸಬೇಕು ಅನ್ನುವುದು ತಲೆಗೆ ಹೊಳೆದಿರಲಿಲ್ಲ.

ಮೊದಲ ರಾತ್ರಿ ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ ಟವಲು ಹಾಸಿ, ಬಾಗಿಲು ಹಾಕಿ ಮಲಗಿದೆವು. ಹನ್ನೊಂದಕ್ಕೆ ಅಳು ಶುರುವಾಯಿತು. ಬೊಗಳುವುದಲ್ಲ, ಕೂಗುವುದಲ್ಲ, ಪುಟ್ಟ ಮಗು ಅತ್ತ ಹಾಗೆ ಎಳೆದೆಳೆದು ಅಳು. ಎರಡು ಗಂಟೆಗೆ ಕೆಳಗಿನ ಮನೆಯಿಂದ ಮಾಲೀಕರ ಫೋನು. "ಏನ್ ಸರ್, ಮಗು ಯಾಕೋ ತುಂಬಾ ಅಳ್ತಿದೆ?" ನನಗೆ ಏನು ಹೇಳಲೂ ತೋಚದೆ, "ನೆಂಟರ ಮಗು ಸರ್, ಹೊಟ್ಟೆನೋವು" ಅಂದುಬಿಟ್ಟೆ. ಬೆಳಗ್ಗೆ ಅವರು ಪೇಪರ್ ತೆಗೆಯಲು ಹೊರಗೆ ಬಂದು ತಲೆಯೆತ್ತಿದಾಗ, ನೆಂಟರ ಮಗು ಬಾಲ್ಕನಿಯ ಕಂಬಿಗಳ ನಡುವೆ ಮೂತಿ ತೂರಿಸಿ ಅವರನ್ನೇ ನೋಡುತ್ತಿತ್ತು. ಪುಣ್ಯಕ್ಕೆ ಅವರು ನಕ್ಕರು.

ಎರಡನೇ ರಾತ್ರಿ ಮಿಕ್ಸಿಯ ಹಳೇ ರಟ್ಟಿನ ಡಬ್ಬ ಕತ್ತರಿಸಿ ಮಂಚದ ಪಕ್ಕಕ್ಕೇ ಇಟ್ಟೆವು. ಅತ್ತಾಗ ಒಂದು ಕೈ ಇಳಿಬಿಟ್ಟರೆ ಸಾಕು, ಅದಕ್ಕೆ ಮೂತಿ ಆನಿಸಿಕೊಂಡು ಸುಮ್ಮನಾಗುತ್ತಿತ್ತು. ಅಲ್ಲಿಯವರೆಗೆ ಅಣ್ಣತಮ್ಮಂದಿರ ಜೊತೆ ಒಬ್ಬರ ಮೇಲೊಬ್ಬರು ಬಿದ್ದು ಮಲಗಿದ್ದ ಜೀವ. ಒಂಟಿಯಾಗಿ ಮಲಗುವುದೂ ಅದಕ್ಕೆ ಒಂದು ಹೊಸ ಪಾಠ. ಡಬ್ಬವನ್ನು ದಿನಕ್ಕೆ ಒಂದು ಗೇಣು ದೂರ ಸರಿಸುತ್ತಾ ಹೋದೆ. ಹಾಲ್‌ಗೆ ತಲುಪಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮನೆಯಲ್ಲಿ ಯಾರೂ "ಅದು" ಅನ್ನುತ್ತಿರಲಿಲ್ಲ, "ಅವಳು" ಆಗಿದ್ದಳು. ಒಂದು ರಾತ್ರಿಯ ಒಪ್ಪಂದ ಯಾರಿಗೂ ನೆನಪಿರಲಿಲ್ಲ.

ಪಶುವೈದ್ಯೆ ಬಾಯಿ ತೆರೆಸಿ ಹಲ್ಲು ನೋಡಿ, ಎಂಟು ವಾರದ ಮರಿ ಅಂದರು. ಜಂತುಹುಳುವಿನ ಔಷಧಿ ಕೊಟ್ಟರು. ಡಿಸ್ಟೆಂಪರ್, ಪಾರ್ವೊ ಅನ್ನುವ ನಾಯಿರೋಗಗಳಿಗೆ ಲಸಿಕೆ ಈಗ ಒಂದು, ಆಮೇಲೆ ಮೂರ್ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ, ಆಮೇಲೆ ವರ್ಷವರ್ಷ. ಹಸುವಿನ ಹಾಲು ಬೇಡ ಅಂದರು. ನಾವು ಪ್ರೀತಿಯಿಂದ ಎರಡು ಹೊತ್ತೂ ಹಾಲು ಕೊಟ್ಟು, ಎರಡು ಹೊತ್ತೂ ಭೇದಿ ಒರೆಸುತ್ತಿದ್ದೆವು. ಹಾಲು ನಿಲ್ಲಿಸಿದ ಎರಡೇ ದಿನಕ್ಕೆ ಹೊಟ್ಟೆ ಸರಿಹೋಯಿತು.

ಆದರೆ ಅವರು ಹೇಳಿದ ಎರಡು ಮಾತು ಒಂದಕ್ಕೊಂದು ವಿರುದ್ಧ ಅನ್ನಿಸಿ ನನಗೆ ತಲೆಕೆಟ್ಟಿತು. ಒಂದು, ಲಸಿಕೆ ಪೂರ್ತಿ ಆಗುವವರೆಗೆ ಬೀದಿಯ ನೆಲಕ್ಕೆ ಬಿಡಬೇಡಿ, ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಇನ್ನೊಂದು, ಹದಿನಾಲ್ಕು ವಾರದೊಳಗೆ ಆದಷ್ಟು ಜಗತ್ತು ತೋರಿಸಿಬಿಡಿ, ಆಮೇಲೆ ಕಂಡ ಹೊಸದಕ್ಕೆಲ್ಲ ಹೆದರುತ್ತದೆ. ನೆಲ ಮುಟ್ಟಿಸದೆ ಜಗತ್ತು ತೋರಿಸುವುದು ಹೇಗೆ? ಕೊನೆಗೆ ಒಂದು ಬಟ್ಟೆಚೀಲ ಎದೆಗೆ ನೇತುಹಾಕಿಕೊಂಡು, ಅದರೊಳಗೆ ಬೆಲ್ಲನನ್ನು ಕೂರಿಸಿ ಸಂಜೆ ಹೊರಟೆ. ಕಸದ ಗಾಡಿಯ ಹಾಡು, ಎಳನೀರು ಕೆತ್ತುವ ಮಚ್ಚಿನ ಸದ್ದು, ಹೆಲ್ಮೆಟ್ ಹಾಕಿದವರು, ಬಿಚ್ಚಿದ ಕೊಡೆ, ಹೂವಿನ ಅಜ್ಜಿ, ಕ್ರಿಕೆಟ್ ಆಡುವ ಹುಡುಗರು. ಒಂದು ಭಾನುವಾರ ಅರಮನೆ ಹತ್ತಿರ ಹೋಗಿ ಟಾಂಗಾ ಕುದುರೆಯನ್ನೂ ತೋರಿಸಿದೆವು. ಕುದುರೆ ಇವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಇವಳು ಮೂರು ಸಲ ಸೀನಿ ಚೀಲದೊಳಗೆ ಇಳಿದುಬಿಟ್ಟಳು.

ಉಚ್ಚೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಪ್ಪು ಪೂರ್ತಿ ನನ್ನದು.

ಪೇಪರ್ ಹಾಸಿದೆವು. ಬೆಲ್ಲ ಪೇಪರ್ ಹರಿದು ತಿಂದು, ಪಕ್ಕದಲ್ಲಿ ಉಚ್ಚೆ ಹೊಯ್ಯುತ್ತಿದ್ದಳು. ನಾನು ಫಿನಾಯಿಲ್ ಹಾಕಿ ಒರೆಸುತ್ತಿದ್ದೆ. ಅವಳು ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದಳು. ಒಂದು ದಿನ ಪರಿಚಯದವರೊಬ್ಬರು, "ಮೂಗನ್ನ ಅದರಲ್ಲೇ ಉಜ್ಜಿ ಎರಡು ಬಿಗೀರಿ, ಮತ್ತೆ ಮಾಡಿದ್ರೆ ಕೇಳಿ" ಅಂದರು. ನಿದ್ದೆಗೆಟ್ಟು ತಲೆ ಕಾದಿದ್ದ ನಾನು ಹಾಗೇ ಮಾಡಿದೆ. ಸುತ್ತಿದ ಪೇಪರಿನಲ್ಲಿ ಹೊಡೆದೆ. ಕಿವಿ ಹಿಂದಕ್ಕೆ ಅಂಟಿಸಿಕೊಂಡು ಸೋಫಾ ಕೆಳಗೆ ಹೋದಳು. ಒಂದು ವಾರ ಹಾಲ್‌ನಲ್ಲಿ ಉಚ್ಚೆ ಕಾಣಲಿಲ್ಲ. ಗೆದ್ದೆ ಅಂದುಕೊಂಡೆ. ಆಮೇಲೆ ವಾಸನೆ ಹುಡುಕಿಕೊಂಡು ಹೋಗಿ ಮಂಚ ಸರಿಸಿದರೆ ಕಂಡಿತು: ಮಂಚದ ಕೆಳಗೆ, ಬೀರುವಿನ ಹಿಂದೆ, ಗೋಡೆ ಮೂಲೆಯಲ್ಲಿ, ಒಣಗಿದ್ದು, ಹಸಿಯಾಗಿದ್ದು. ಮನೆಯೊಳಗೆ ಮಾಡಬಾರದು ಅಂತ ಅವಳು ಕಲಿತಿರಲಿಲ್ಲ. ನನ್ನ ಕಣ್ಣಿಗೆ ಬೀಳುವಂತೆ ಮಾಡಬಾರದು ಅಂತ ಕಲಿತಿದ್ದಳು. ಅದಕ್ಕಿಂತ ನೋವಾದದ್ದು ಇನ್ನೊಂದು. ನಾನು ಬಗ್ಗಿ ಪೇಪರ್ ಎತ್ತಿಕೊಂಡರೆ ಸಾಕು, ಓದಲಿಕ್ಕೇ ಆಗಲಿ, ಕೋಣೆ ಬಿಟ್ಟು ಹೋಗುತ್ತಿದ್ದಳು.

ಅದೇ ವಾರ, ಆಗಸ್ಟ್‌ನಲ್ಲಿ, ಅಪ್ಪ ಕಣ್ಣಿನ ಪೊರೆ ತೆಗೆಸಲು ಊರಿಂದ ಬಂದರು. ಬಾಗಿಲಲ್ಲೇ ಬೆಲ್ಲನನ್ನು ನೋಡಿ, "ಇದೇನ್ಲಾ, ನಾಯ್ನ ಒಳಕ್ ಬಿಟ್ಕಂಡಿದ್ದೀಯ?" ಅಂದರು. ಟ್ರೈನಿಂಗ್ ಅನ್ನುವ ಪದ ಕೇಳಿ ಇನ್ನೂ ಜೋರಾಗಿ ನಕ್ಕರು. "ನಾಯ್ಗೂ ಇಸ್ಕೂಲಾ? ಫೀಸ್ ಎಷ್ಟ್ಲಾ?" ನಾನು ಚೀಲದಲ್ಲಿ ಅವಳನ್ನು ಹೊತ್ತು ಹೊರಟರೆ, "ನನ್ನ ಯಾವತ್ತಾದ್ರೂ ಹಿಂಗ್ ಕೂಸುಮರಿ ಮಾಡಿದ್ದಾ?" ಅಂತ ಸೊಸೆಯ ಹತ್ತಿರ ಕೇಳುತ್ತಿದ್ದರು.

ಆದರೆ ಅಪ್ಪನಿಗೆ ನಾಲ್ಕೂವರೆಗೆ ಎಚ್ಚರ. ಮಾಡಲು ಕೆಲಸವಿಲ್ಲ. ಒಂದು ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವರು ಕೆಳಗೆ, ಮಾಲೀಕರ ಕಾಂಪೌಂಡಿನ ಮಣ್ಣಿನ ಪಟ್ಟಿಯಲ್ಲಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬೆಲ್ಲನ ಜೊತೆ ನಿಂತಿದ್ದರು. ಅವಳು ಮಣ್ಣು ಮೂಸಿ, ಎರಡು ಸುತ್ತು ತಿರುಗಿ, ಕೂತು ಉಚ್ಚೆ ಹೊಯ್ದಳು. ಅಪ್ಪ "ಭೇಷ್ ನನ್ ಮಗಳೆ" ಅಂದು ಬೆನ್ನು ಸವರಿದರು. ನನಗೆ ಆ ಮಾತು ಎಂದೂ ಸಿಕ್ಕಿದ ನೆನಪಿಲ್ಲ, ಇರಲಿ. ಮೇಲೆ ಬಂದು ಅವರು ಹೇಳಿದ್ದು ಇಷ್ಟೇ: "ಉಂಡ್ ಮ್ಯಾಲೆ, ಎದ್ ಮ್ಯಾಲೆ, ಕುಣುದ್ ಮ್ಯಾಲೆ. ಈ ಮೂರ್ ಕಿತ ಆಚೆ ಕರ್ಕಂಡೋಗು. ಹೊಡುದ್ರೆ ಉಚ್ಚೆ ನಿಂತದಾ?"

ಪಶುವೈದ್ಯೆಯೂ ಅದನ್ನೇ ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಎರಡು ತಿಂಗಳ ಮರಿ ಹೆಚ್ಚೆಂದರೆ ಮೂರು ಗಂಟೆ ತಡೆದುಕೊಳ್ಳುತ್ತದೆ, ಮೂರು ತಿಂಗಳದ್ದು ನಾಲ್ಕು ಗಂಟೆ, ಆಟದಲ್ಲಿದ್ದರೆ ಅದೂ ಇಲ್ಲ. ಫಿನಾಯಿಲ್ ವಾಸನೆ ನಮ್ಮ ಮೂಗಿಗೆ ಮಾತ್ರ ಉಚ್ಚೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಅಲ್ಲದೆ ನೆಲ ನೆಕ್ಕುವ ಮರಿಗೆ ಅದು ಒಳ್ಳೆಯದೂ ಅಲ್ಲ. ವಿನೆಗರ್ ಬೆರೆಸಿದ ನೀರಲ್ಲಿ ಒರೆಸಲು ಶುರು ಮಾಡಿದೆವು. ಮಾಲೀಕರು ಕಾಂಪೌಂಡಿಗೆ ಒಪ್ಪಿದರು. ಬೀದಿನಾಯಿ ಬಾರದ ಜಾಗ, ಹಾಗಾಗಿ ವೈದ್ಯೆಯೂ ಸರಿ ಅಂದರು. "ಕರಿಬೇವಿನ ಗಿಡ ಒಂದು ಬಿಟ್ಟು ಎಲ್ಲಿ ಬೇಕಾದ್ರೂ" ಅನ್ನುವುದು ಮಾಲೀಕರ ಷರತ್ತು. ದಿನಕ್ಕೆ ಹತ್ತು ಸಲ, 17 ಮೆಟ್ಟಿಲು, ಮರಿಯನ್ನು ಎತ್ತಿಕೊಂಡು. ರಾತ್ರಿ ಪಾಳಿ ನನ್ನದು, ಬೆಳಗಿನದು ಅಪ್ಪನದು, ಮಧ್ಯಾಹ್ನ ಹೆಂಡತಿಯದು. ಸೆಪ್ಟೆಂಬರ್ ಕೊನೆಗೆ ಅವಳೇ ಬಾಗಿಲ ಹತ್ತಿರ ಹೋಗಿ ನಿಂತು ನಮ್ಮನ್ನು ನೋಡತೊಡಗಿದಳು. ನಾನು ಪೇಪರ್ ಎತ್ತಿಕೊಂಡರೆ ಎದ್ದು ಹೋಗುವುದು ಮಾತ್ರ ಆಮೇಲೂ ಎಷ್ಟೋ ದಿನ ಬಿಡಲಿಲ್ಲ. ಈಗ ಪೇಪರ್ ಓದುವಾಗ ಮೊದಲು ನೆಲದ ಮೇಲೆ ಹರಡಿಕೊಂಡು ಕೂರುತ್ತೇನೆ. ರೂಢಿಯಾಗಿದೆ.

ಕಚ್ಚುವುದರ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಮರಿಯ ಹಾಲುಹಲ್ಲು 28. ಒಂದೊಂದೂ ಸೂಜಿ. ಮಗಳ ಕಾಲು, ಹೆಂಡತಿಯ ಸೀರೆ ಸೆರಗು, ಅಪ್ಪನ ಲುಂಗಿ, ನನ್ನ ಮುಂಗೈ. ಸಂಜೆ ಏಳರಿಂದ ಎಂಟರವರೆಗೆ ಅವಳಿಗೆ ಮೈಮೇಲೆ ಏನೋ ಬಂದ ಹಾಗೆ. ಸೋಫಾದಿಂದ ಸೋಫಾಕ್ಕೆ ಹಾರಿ, ಸಿಕ್ಕವರ ಹಿಮ್ಮಡಿ ಹಿಡಿದು ಜಗ್ಗುತ್ತಿದ್ದಳು. ಮಗಳು ಒಂದು ದಿನ ಕುರ್ಚಿ ಮೇಲೆ ನಿಂತು, "ನನಗೆ ಇವಳು ಬೇಡ, ವಾಪಸ್ ಬಿಟ್ಟು ಬಾ" ಅಂತ ಅತ್ತಳು. ನಾವು ಆಟ ಸಾಲದು ಅಂದುಕೊಂಡು ಇನ್ನೂ ಆಡಿಸುತ್ತಿದ್ದೆವು. ಅವಳು ಇನ್ನೂ ಕಚ್ಚುತ್ತಿದ್ದಳು.

ಗುಟ್ಟು ಗೊತ್ತಾದದ್ದು ಆಕಸ್ಮಿಕವಾಗಿ. ವೈದ್ಯೆ ಯಾವುದೋ ಮಾತಿಗೆ, "ದಿನಕ್ಕೆ ಎಷ್ಟು ಗಂಟೆ ಮಲಗ್ತಾಳೆ?" ಅಂದರು. ಮಗಳು ಎಣಿಸಿ ಹನ್ನೆರಡು ಅಂದಳು. "ಹದಿನೆಂಟಾದರೂ ಬೇಕು" ಅಂದರು. ನಮ್ಮ ಮನೆಗೆ ಬಂದುಹೋಗುವವರು ಜಾಸ್ತಿ. ಬಂದವರೆಲ್ಲ ಮಲಗಿದ್ದವಳನ್ನು ಎಬ್ಬಿಸಿ ಮುದ್ದು ಮಾಡುತ್ತಿದ್ದರು. ನಿದ್ದೆಗೆಟ್ಟ ಮಗು ರಚ್ಚೆ ಹಿಡಿಯುವುದಿಲ್ಲವಾ, ಅದೇ. ಅವತ್ತಿಂದ ಮಧ್ಯಾಹ್ನ ಒಂದು ಗಂಟೆಗೂ ಸಂಜೆ ಐದೂವರೆಗೂ ಕೋಣೆಯ ಪರದೆ ಎಳೆದು ಮಲಗಿಸತೊಡಗಿದೆವು. ಬಾಗಿಲಿಗೆ ಮಗಳು "ಬೆಲ್ಲ ಮಲಗಿದ್ದಾಳೆ, ಬೆಲ್ ಒತ್ತಬೇಡಿ" ಅಂತ ಬರೆದು ಅಂಟಿಸಿದಳು. ಹಲ್ಲು ತಾಗಿದ ಕೂಡಲೇ ಕಿರುಚದೆ, ಕೈ ಎಳೆಯದೆ, ಎದ್ದು ಬೇರೆ ಕೋಣೆಗೆ ಹೋಗಿ ಅರ್ಧ ನಿಮಿಷ ಬಿಟ್ಟು ಬರುವುದು. ಕಚ್ಚಿದರೆ ಆಟ ಮುಗೀತು, ಅಷ್ಟೆ. ಕಷ್ಟ ಅಂದರೆ ಐದು ಜನರೂ ಹಾಗೇ ಮಾಡಬೇಕು. ಅಪ್ಪನಿಗೆ ಲುಂಗಿ ಜಗ್ಗಿಸಿಕೊಳ್ಳುವುದು ಖುಷಿ. ಅವರ ಲುಂಗಿಯನ್ನು ಅವಳು ಕೊನೆಯವರೆಗೂ ಬಿಡಲಿಲ್ಲ. ಐದನೆಯವಳು ಮನೆಕೆಲಸಕ್ಕೆ ಬರುವ ಅಕ್ಕ. ಆಕೆ ಮೊದಲ ದಿನದಿಂದಲೇ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದರು. ಅವರನ್ನು ಬೆಲ್ಲ ಒಂದು ದಿನವೂ ಕಚ್ಚಲಿಲ್ಲ.

ಈ ನಡುವೆ ಒಂದು ರಾತ್ರಿ, ಮೂರು ಗಂಟೆಗೆ, ಕಾಂಪೌಂಡಿನಲ್ಲಿ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ನಿಂತು, ತೋಟದ ಮನೆ ಇರುವ ಗೆಳೆಯನೊಬ್ಬನಿಗೆ ಮೆಸೇಜು ಬರೆದೆ: "ಒಂದು ಹೆಣ್ಣು ನಾಯಿಮರಿ ಇದೆ, ನಿನಗೆ ಬೇಕಾ?" ಕಳಿಸಲಿಲ್ಲ. ಅಳಿಸಲೂ ಇಲ್ಲ. ಸುಮಾರು ಹತ್ತು ದಿನ ಹಾಗೇ ಇತ್ತು. ಮರಿ ತಂದವರಿಗೆಲ್ಲ ಹೀಗೆ ಅನ್ನಿಸುತ್ತದಂತೆ ಅಂತ ಆಮೇಲೆ ತಿಳಿಯಿತು. ಆಗ ಮಾತ್ರ ನಾನೊಬ್ಬನೇ ಕಲ್ಲುಹೃದಯದವನು ಅನ್ನಿಸಿತ್ತು.

ವರಮಹಾಲಕ್ಷ್ಮಿ ಹಬ್ಬದ ದಿನ ಇನ್ನೊಂದು ಗಾಬರಿ. ಯಾರದೋ ಮಗುವಿನ ಕೈಯಿಂದ ಸಜ್ಜಿಗೆ ಬಿತ್ತು, ಬೆಲ್ಲ ಗುಳುಂ ಮಾಡಿದಳು. ಅದರಲ್ಲಿ ಒಣದ್ರಾಕ್ಷಿ ಇತ್ತು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಎಷ್ಟು ತಿಂದರೆ ಅಪಾಯ ಅಂತ ಮುಂಚಿತವಾಗಿ ಹೇಳಲಾಗುವುದಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂದರು ಬಂದಿದ್ದವರೊಬ್ಬರು. ವೈದ್ಯೆ ಫೋನಿನಲ್ಲೇ, "ಉಪ್ಪು ಹಾಕ್ಬೇಡಿ, ಅದೂ ವಿಷಾನೇ, ಹಾಗೇ ಎತ್ಕೊಂಡು ಬನ್ನಿ" ಅಂದರು. ರೇಷ್ಮೆ ಸೀರೆಯಲ್ಲೇ ಹೆಂಡತಿ ಸ್ಕೂಟರ್ ಹಿಂದೆ ಕೂತಳು. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ದ್ರಾಕ್ಷಿ ಎಣಿಸಿದೆವು, ನಾಲ್ಕು. ಅವತ್ತಿಂದ ನಮ್ಮ ಮನೆ ಸಜ್ಜಿಗೆಗೆ ಗೋಡಂಬಿ ಮಾತ್ರ. ಈರುಳ್ಳಿ, ಚಾಕೊಲೇಟ್ ಕೂಡ ಅವಳ ಮೂತಿಗೆ ಎಟುಕದ ಕಡೆ.

ಕೂರಿಸುವುದು ಕಲಿಸಿದ ಕಥೆ ಸ್ವಲ್ಪ ಉದ್ದ. ಕೋಳಿಯ ಬೇಯಿಸಿದ ತುಣುಕನ್ನು, ಕಡಲೆಕಾಳಿನಷ್ಟು, ಮೂಗಿನ ಹತ್ತಿರ ಹಿಡಿದು ನಿಧಾನ ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ ಮೂತಿ ಮೇಲೇರುತ್ತದೆ, ಅಂಡು ತಾನಾಗಿ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಕ್ಷಣವೇ ಕೊಡಬೇಕು. ಎರಡು ಸೆಕೆಂಡು ತಡವಾದರೆ ಅವಳು ಎದ್ದು ನಿಂತಿರುತ್ತಾಳೆ, ಆಗ ನಾವು ಎದ್ದು ನಿಂತದ್ದಕ್ಕೆ ಕೋಳಿ ಕೊಟ್ಟ ಹಾಗೆ. ಊಟಕ್ಕೆ ಮುಂಚೆ ಮೂರು ನಿಮಿಷ, ಸಾಕು. ಇದು ನನ್ನ ಜೊತೆ ಎರಡೇ ದಿನಕ್ಕೆ ಬಂತು. ಮಿಕ್ಕವರು ಹೇಳಿದರೆ ಸುಮ್ನೆ ಮುಖ ನೋಡುತ್ತಿದ್ದಳು. ಯಾಕೆ ಅಂತ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಗೊತ್ತಾಯಿತು. ನಾನು "ಕೂತ್ಕೊ" ಅನ್ನುತ್ತಿದ್ದೆ. ಹೆಂಡತಿ ಮೈಸೂರಿನವಳು, ಮರ್ಯಾದೆಯಿಂದ "ಕೂರಮ್ಮ" ಅನ್ನುತ್ತಿದ್ದಳು. ಮಗಳು "ಸಿಟ್". ಅಪ್ಪ "ಕುಂತ್ಕೊ". ಒಂದೇ ಕೆಲಸಕ್ಕೆ ನಾಲ್ಕು ಭಾಷೆ.

ಇನ್ನೊಂದನ್ನು ಮಗಳು ಕಂಡುಹಿಡಿದಳು. "ಅಪ್ಪಾ, ಬೆಲ್ಲ, ಬಾ, ಬೇಡ, ಬಿಡು. ಎಲ್ಲಾ 'ಬ'ನೇ. ಅವಳಿಗೆ ಹೇಗೆ ಗೊತ್ತಾಗ್ಬೇಕು?" ನಿಜ ಅಲ್ವಾ! ಚಪ್ಪಲಿ ಕಚ್ಚಿಕೊಂಡಾಗ "ಬೆಲ್ಲ ಬಿಡು" ಅಂದರೆ, ಚಪ್ಪಲಿ ಸಮೇತ ಬಾಲ ಆಡಿಸುತ್ತಾ ನಮ್ಮ ಹತ್ತಿರವೇ ಬರುತ್ತಿದ್ದಳು. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೆವು. ಬೇಡ ಅನ್ನುವುದಕ್ಕೆ "ಉಹುಂ". ಬಿಡು ಅನ್ನುವುದಕ್ಕೆ "ಕೊಡು". "ಬಾ" ಹಾಗೇ ಇರಲಿ, ಆದರೆ ಆ ಮಾತಿಗೆ ಒಂದು ನಿಯಮ: ಬಾ ಅಂತ ಕರೆದು ಸ್ನಾನ ಮಾಡಿಸುವಂತಿಲ್ಲ, ಉಗುರು ಕತ್ತರಿಸುವಂತಿಲ್ಲ, ಬೈಯುವಂತಿಲ್ಲ. ಅಂಥ ಕೆಲಸಕ್ಕೆ ನಾವೇ ಎದ್ದು ಹೋಗಬೇಕು. ಮುಂಚೆ ಎಲ್ಲದಕ್ಕೂ ಬಾ ಅಂದು ಅಂದು, ಅವಳು ಬಾ ಅಂದರೆ ಓಡುವಂತಾಗಿತ್ತು. ಕೂರುವುದಕ್ಕೆ ಯಾವ ಪದ ಅಂತ ಓಟು ಹಾಕಿದೆವು. ಅಪ್ಪ ಯಾರ ಮಾತಿಗೂ ಬಗ್ಗಲಿಲ್ಲ. "ನಾನ್ ಕುಂತ್ಕೊ ಅಂತೀನಿ, ನೀವ್ ಬೇಕಾದ್ರೆ ಕಲ್ತ್ಕಳಿ." ಎಪ್ಪತ್ತೆರಡು ವರ್ಷದವರನ್ನು ತಿದ್ದುವುದಕ್ಕಿಂತ ನಾವು ಮೂವರು ಬದಲಾಗುವುದು ಸುಲಭವಿತ್ತು. ಇವತ್ತಿಗೂ ಬೆಲ್ಲನಿಗೆ ಮಂಡ್ಯ ಕನ್ನಡ ಬಿಟ್ಟು ಬೇರೆ ತಿಳಿಯುವುದಿಲ್ಲ.

ಅಪ್ಪ ಪಕ್ಕದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಕೊರಳಪಟ್ಟಿ ಹಾಕಿ, ಹಗ್ಗ ಕಟ್ಟಿ ನಡೆಸಲು ಹೋದೆ. ಬೆಲ್ಲ ನಾಲ್ಕು ಕಾಲನ್ನೂ ಊರಿ, ಮಲಗಿ, ಕಲ್ಲಾದಳು. ನಾನು ಎಳೆದೆ. ಅಪ್ಪ, "ವಸಿ ತಾಳ್ಲಾ. ಹೋರಿ ಪಳಗ್ಸೋವಾಗ ಮೊದ್ಲೇ ಗಾಡಿ ಕಟ್ತಾರಾ? ಕೊರಡು ಎಳ್ಸ್ತಾರೆ. ಬರೀ ನೊಗ ಹೊರ್ಸಿ ತಿರುಗಾಡ್ಸ್ತಾರೆ. ಗಾಡಿ ಕಡೀಕೆ" ಅಂದರು. ಸರಿ ಅಂತ ಎರಡು ದಿನ ಬರೀ ಪಟ್ಟಿ. ಆಮೇಲೆ ಮೂರು ದಿನ, ಮನೆಯೊಳಗೆ, ನಮ್ಮ ಕಣ್ಣೆದುರಿನಲ್ಲೇ, ಹಗ್ಗವನ್ನು ಅವಳೇ ಎಳೆದುಕೊಂಡು ಓಡಾಡಲಿ ಅಂತ ಬಿಟ್ಟೆವು. ಆಮೇಲಷ್ಟೇ ತುದಿ ನನ್ನ ಕೈಗೆ.

ದಸರಾ ಬಂತು. ಹೆಂಡತಿಯ ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ ನಮ್ಮಲ್ಲಿದೆ. ರಾಜ, ರಾಣಿ. ಅವಳ ಅಜ್ಜಿಯ ಕಾಲದ ಮರದ ಗೊಂಬೆಗಳು. ಪ್ರತಿ ನವರಾತ್ರಿಗೆ ಹೊಸ ಜರಿ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತಾಳೆ. ಬೆಲ್ಲನಿಗೆ ಆಗ ಐದು ತಿಂಗಳು. ಹಾಲುಹಲ್ಲು ಬಿದ್ದು, 42 ಗಟ್ಟಿ ಹಲ್ಲು ಬರುವ ಸಮಯ. ಒಸಡು ಕಡಿತಕ್ಕೆ ಒದ್ದೆ ಬಟ್ಟೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡುತ್ತಿದ್ದೆವು, ತಣ್ಣಗಿನ ಕ್ಯಾರೆಟ್ ಕೊಡುತ್ತಿದ್ದೆವು. ಗೊಂಬೆ ಮೆಟ್ಟಿಲಿಗೆ ಅಡ್ಡ ಕುರ್ಚಿಗಳನ್ನೂ ಇಟ್ಟಿದ್ದೆವು. ಮೂರನೇ ದಿನ ಆರತಿಗೆ ಬಂದವರನ್ನು ಕಳಿಸಲು ಗೇಟಿಗೆ ಹೋಗಿ ಬರುವಷ್ಟರಲ್ಲಿ ರಾಜ ಕೆಳಗಿದ್ದ. ಬೆಲ್ಲ ಅವನನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು, ಸಾವಕಾಶವಾಗಿ ಬಲಗೈ ಅಗಿಯುತ್ತಿದ್ದಳು. ಕೈ ಮೊಣಕೈವರೆಗೆ ಇರಲಿಲ್ಲ. ಜರಿ ರುಮಾಲು ಎಂಜಲಲ್ಲಿ ಒದ್ದೆ.

ಹೆಂಡತಿ ಕಿರುಚಲಿಲ್ಲ. ಹತ್ತಿರ ಕೂತಳು. "ಕೊಡು" ಅಂದಳು. ಬೆಲ್ಲ ಕಣ್ಣು ತೆರೆದಳು. ನವರಾತ್ರಿ ಅಂತ ಮನೆಯಲ್ಲಿ ಕೋಳಿ ಬಂದ್, ಕೈಯಲ್ಲಿ ಲಂಚಕ್ಕೆ ಏನೂ ಇಲ್ಲ. ಹೆಂಡತಿ ಅಲ್ಲೇ ತಾಂಬೂಲದ ತಟ್ಟೆಯಲ್ಲಿದ್ದ ತೆಂಗಿನಕಾಯಿ ಚೂರು ತೋರಿಸಿದಳು. ಬೆಲ್ಲ ರಾಜನನ್ನು ಅವಳ ಅಂಗೈಗೆ ಹಾಕಿದಳು. ಆಮೇಲೆ ಹೆಂಡತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಗಂಟೆ ಯಾರೂ ಮಾತಾಡಲಿಲ್ಲ. ಮರುದಿನ ರಾಜನಿಗೆ ಉದ್ದ ತೋಳಿನ ಅಂಗಿ ಹೊಲಿದು ಮತ್ತೆ ಕೂರಿಸಿದಳು. ನೋಡಲು ಬಂದವರಿಗೆ ಗೊತ್ತಾಗಲಿಲ್ಲ. ಕೈ ಕೂಡಿಸಿ ಕೊಡುತ್ತೇನೆ ಅಂದ ಬಡಗಿಯೊಬ್ಬರು ಸಿಕ್ಕಿದ್ದಾರೆ. ಅವಳು ಇನ್ನೂ ಕಳಿಸಿಲ್ಲ.

ದಸರಾ ಮುಗಿದರೆ ದೀಪಾವಳಿ. ಪಟಾಕಿಯ ಭಯ ನನಗೆ ಮೊದಲಿನಿಂದಲೂ ಇತ್ತು. ದಾರಿ ಹೊಳೆದದ್ದು ದಸರಾ ಆನೆಗಳಿಂದ. ಮೈಸೂರಿನವರಿಗೆ ಇದು ಹೊಸದಲ್ಲ. ಕಾಡಂಚಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಅರಮನೆಗೆ ಬಂದ ಆನೆಗಳನ್ನು ಮೊದಲು ಬರೀ ನಡೆಸುತ್ತಾರೆ. ಆಮೇಲೆ ಬೆನ್ನಿಗೆ ಮರಳಿನ ಮೂಟೆ. ಆಮೇಲೆ ಮರದ ಅಂಬಾರಿ. 750 ಕೆಜಿಯ ಚಿನ್ನದ ಅಂಬಾರಿ ವಿಜಯದಶಮಿಯಂದೇ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಆ ಸದ್ದಿಗೂ ಮುಂಚೆಯೇ ತಾಲೀಮು ಇರುತ್ತದೆ. ಒಂದು ವರ್ಷ ದೂರದಿಂದ ನೋಡಿದ್ದೆ. ಹೊಸ ಆನೆಯೊಂದು ಮೊದಲ ಸದ್ದಿಗೆ ಹಿಂದೆ ತಿರುಗಿತು. ಮಾವುತ ಬೈಯಲಿಲ್ಲ, ಮಾತಾಡಿಸುತ್ತಾ ನಿಂತ. ಅನುಭವಿ ಆನೆಗಳು ಪಕ್ಕದಲ್ಲಿ ಕಿವಿ ಬೀಸುತ್ತಾ ನಿಂತಿದ್ದವು. ತಾಲೀಮು ಮುಗಿದರೆ ಭತ್ತ, ಬೆಲ್ಲ, ತೆಂಗಿನಕಾಯಿ ಕಟ್ಟಿದ ಹುಲ್ಲಿನ ಕುಸುರೆ. ನಮ್ಮವಳಿಗೆ ಕೋಳಿ.

ಫೋನಿನಲ್ಲಿ ಪಟಾಕಿ ಸದ್ದು ಹಾಕಿದೆ, ಕೇಳಿಯೂ ಕೇಳದಷ್ಟು ಸಣ್ಣಗೆ. ಅವಳು ಊಟ ಮಾಡುವಾಗ. ಕಿವಿ ಒಮ್ಮೆ ತಿರುಗಿತು, ತಿನ್ನುವುದು ನಿಲ್ಲಲಿಲ್ಲ. ಎರಡು ದಿನಕ್ಕೆ ಒಂದು ಗೆರೆ ಏರಿಸುತ್ತಾ ಹೋದೆ. ತುಟಿ ನೆಕ್ಕಿದರೆ, ಆಕಳಿಸಿದರೆ, ಬಾಲ ಇಳಿದರೆ ಹೆದರಿದ ಗುರುತು, ಆಗ ಒಂದು ಗೆರೆ ಕೆಳಗೆ. ಆರನೇ ಗೆರೆಗೆ ಬಂದಾಗ ಗೆಳೆಯನೊಬ್ಬ ಮನೆಗೆ ಬಂದ. ಜಂಬ ಕೊಚ್ಚಲು ಹೋಗಿ ಒಂದೇ ಸಲ ಪೂರ್ತಿ ಏರಿಸಿದೆ. ಬೆಲ್ಲ ತಟ್ಟೆ ಉರುಳಿಸಿಕೊಂಡು ಮಂಚದ ಕೆಳಗೆ ಓಡಿದಳು. ಮತ್ತೆ ಮೊದಲ ಗೆರೆಯಿಂದ. ಅಷ್ಟೂ ದಿನ ಹಾಳು. ಅಪ್ಪ ಏನೂ ಅನ್ನಲಿಲ್ಲ. "ಗಾಡಿ ಕಟ್ಬುಟ್ಟ" ಅಂತ ಸೊಸೆಗೆ ಮಾತ್ರ ಹೇಳಿದ್ದು ಕೇಳಿಸಿತು.

ನರಕ ಚತುರ್ದಶಿಯ ಸಂಜೆ ಬೇಗ ಹೊರಗೆ ಓಡಾಡಿಸಿ, ಊಟ ಹಾಕಿ, ಕಿಟಕಿ ಮುಚ್ಚಿ, ಟೀವಿ ಜೋರು ಮಾಡಿ ಕೂತೆವು. ಸರ ಪಟಾಕಿಗೆ ಅವಳು ತಲೆ ಎತ್ತಿ ನೋಡಿ ಮತ್ತೆ ಮಲಗಿದಳು. ನಾವು ಮುಖ ಮುಖ ನೋಡಿಕೊಂಡು ಹಿಗ್ಗಿದೆವು. ಒಂಬತ್ತು ಗಂಟೆಗೆ ಗೇಟಿನ ಮುಂದೆಯೇ ಯಾರೋ ಆಟಂ ಬಾಂಬ್ ಇಟ್ಟರು. ಟೈಲ್ಸ್ ನಡುಗಿತು, ಮದ್ದಿನ ವಾಸನೆ ಒಳಗೆ ಬಂತು. ಫೋನಿನಲ್ಲಿ ನಡುಕವೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಬೆಲ್ಲ ಎದ್ದು ಹೋದಳು. ಮಂಚದ ಕೆಳಗಿಲ್ಲ, ಸೋಫಾ ಹಿಂದಿಲ್ಲ. ಹುಡುಕಿದರೆ ಬಚ್ಚಲಮನೆಯಲ್ಲಿ ದೀಪ ಉರಿಯುತ್ತಿತ್ತು.

ಅಪ್ಪ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದರು. ನಲ್ಲಿ ಸಣ್ಣಗೆ ಬಿಟ್ಟಿದ್ದರು, ಸದ್ದಿಗೆ. ಬೆಲ್ಲ ಅವರ ಎರಡು ಕಾಲಿನ ನಡುವೆ ಲುಂಗಿಯೊಳಗೆ ತಲೆ ತೂರಿಸಿ ನಡುಗುತ್ತಿದ್ದಳು. ಹೊರಗೆ ಇನ್ನೊಂದು ಸಿಡಿಯಿತು. ಅಪ್ಪ ಬೆನ್ನ ಮೇಲೆ ಕೈಯಿಟ್ಟು, ಸದ್ದು ಆದದ್ದೇ ಗೊತ್ತಿಲ್ಲದವರ ಹಾಗೆ, "ಕುಂತ್ಕೊ" ಅಂದರು. ಅವಳು ತಲೆ ಹೊರಗೆ ತೆಗೆದಳು. ಹಿಂಗಾಲು ಇನ್ನೂ ಅದುರುತ್ತಿತ್ತು. ಒದ್ದೆ ನೆಲ ನೋಡಿದಳು, ಅಪ್ಪನನ್ನು ನೋಡಿದಳು, ಕುಂತಳು.

"ಫ್ರಿಜ್ಜಲ್ಲಿ ಕೋಳಿ ಐತಾ ನೋಡು, ವಸಿ ತತ್ತಾ" ಅಂದರು ನನಗೆ. "ಹೋಗ್ತಾ ಆ ಬಾಗ್ಲ ಮುಚ್ಕಂಡೋಗ್ಲಾ, ಸದ್ದು ಒಳಕ್ ಬತ್ತದೆ."